ಲಿಲಿಬರ್ಲೇರೊ: ಒಂದು ಪಿಟೀಲು ಮಟ್ಟಿನ ವಲಸೆ

ಪಿಟೀಲು ಅನ್ನುವ ಪದ ನಮ್ಮದಲ್ಲ. ಇಂಗ್ಲಿಷಿನ ಫಿಡಲ್ ಹಡಗು ಹತ್ತಿ ಬಂದು ನಮ್ಮ ಬಾಯಲ್ಲಿ ಪಿಟೀಲು ಆಯಿತು. ಆದರೆ ಮೈಸೂರು ಕಡೆಯ ಹಿರಿಯರು ‘ಪಿಟೀಲು ಚೌಡಯ್ಯ’ ಅನ್ನುವಾಗ ಅದರಲ್ಲಿ ಇಂಗ್ಲಿಷ್ ವಾಸನೆ ಯಾರಿಗಾದರೂ ಹೊಡೆಯುತ್ತದೆಯೇ? ತಿರುಮಕೂಡಲು ನರಸೀಪುರದ ಚೌಡಯ್ಯನವರು (1895–1967) ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿ, ಅದನ್ನು ಪೂರ್ತಿ ನಮ್ಮ ಮನೆಯ ಮಗುವನ್ನಾಗಿ ಮಾಡಿಬಿಟ್ಟರು. ಸುಮ್ಮನೆ ಕೊರೆಯುವವನಿಗೆ ‘ಪಿಟೀಲು ಕುಯ್ಯಬೇಡ ಮಾರಾಯ’ ಅನ್ನುತ್ತೇವಲ್ಲ, ಬೈಗುಳದಲ್ಲಿ ಜಾಗ ಸಿಕ್ಕಿದ ಮೇಲೆ ಆ ಪದಕ್ಕೆ ಬೇರೆ ರೇಷನ್ ಕಾರ್ಡು ಬೇಕಿಲ್ಲ.

ಊರು ಬಿಟ್ಟವರಿಗೆ ಇಂಥ ಪದಗಳ ಮೇಲೆ ಸ್ವಲ್ಪ ಮಮತೆ ಹೆಚ್ಚು. ನಾನು ಕುಂದಾಪುರ ಕಡೆಯವನು. 1984ರಲ್ಲಿ ಬ್ಯಾಂಕಿನ ವರ್ಗಾವಣೆ ಆದೇಶ ಹಿಡಿದು ಮುಂಬಯಿಗೆ ಬಂದೆ, ಡೊಂಬಿವಲಿಯಲ್ಲಿ ಬಾಡಿಗೆ ಮನೆ ಹಿಡಿದೆ, ಅಲ್ಲೇ ನಿವೃತ್ತನೂ ಆದೆ. ಠಾಣೆ, ಕಲ್ಯಾಣ, ಡೊಂಬಿವಲಿ ಕಡೆ ಯಾರಾದರೂ ಹೊಸದಾಗಿ ಪರಿಚಯವಾದರೆ ಎರಡನೇ ಪ್ರಶ್ನೆಯೇ ‘ತುಮಚಂ ಗಾಂವ್ ಕುಠಲಂ?’ – ನಿಮ್ಮ ಊರು ಯಾವುದು? ಕೇಳುವವರಿಗೂ ಒಂದು ಊರು ಬೇರೆ ಇರುತ್ತದೆ: ಸಾತಾರಾ, ಸಾಂಗ್ಲಿ, ರತ್ನಾಗಿರಿ. ಯಾರೂ ಡೊಂಬಿವಲಿ ಅನ್ನುವುದಿಲ್ಲ. ಇದೇ ಪ್ರಶ್ನೆಯನ್ನು ಒಂದು ಮಟ್ಟಿಗೆ, ಅಂದರೆ ಒಂದು ಟ್ಯೂನಿಗೆ, ಕೇಳಿದರೆ ಏನಾಗುತ್ತದೆ ಅಂತ ನೋಡುವುದೇ ಈ ಬರಹದ ಕೆಲಸ. ಆ ಮಟ್ಟಿನ ಹೆಸರು ಲಿಲಿಬರ್ಲೇರೊ. ಹೆಸರು ಕೇಳಿಲ್ಲದಿದ್ದರೂ ಮಟ್ಟನ್ನು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಶಾರ್ಟ್ ವೇವ್ ರೇಡಿಯೋ ಕಾಲದಲ್ಲಿ ಬಿಬಿಸಿಯ ಇಂಗ್ಲಿಷ್ ವಾರ್ತೆಗೆ ಮುಂಚೆ ಕುಣಿಯುತ್ತಾ ಬರುತ್ತಿದ್ದ ಬ್ಯಾಂಡಿನ ಸಂಗೀತ ಅದೇ.

ಅದು ಹುಟ್ಟಿನಿಂದ ಜಿಗ್ ಜಾತಿಯದು. ಜಿಗ್ ಅಂದರೆ ಇಂಗ್ಲೆಂಡ್, ಐರ್ಲೆಂಡ್, ಸ್ಕಾಟ್ಲೆಂಡಿನ ಹಳ್ಳಿಗಳಲ್ಲಿ ಪಿಟೀಲಿಗೆ ಕುಣಿಯುವ ಒಂದು ಬಗೆಯ ಕುಣಿತ, ಆ ಕುಣಿತಕ್ಕೆ ಬಾರಿಸುವ ಮಟ್ಟು. ಲೆಕ್ಕ ಆರು ಎಣಿಕೆಯದು, ಮೂರು ಮೂರಾಗಿ ಎರಡು ಪಾಲು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ‘ತಕಿಟ ತಕಿಟ’. ಹಿಂದುಸ್ತಾನಿಯವರ ದಾದರಾ ತಾಳಕ್ಕೂ ಆರೇ ಮಾತ್ರೆ. ಠಾಣೆ ಖಾರಿಯ ಎರಡೂ ದಡಗಳ ಕೋಲಿ ಬೆಸ್ತರ ಹಾಡುಗಳಿಗೂ ಇದೇ ಓಲಾಟ. ನವಿ ಮುಂಬಯಿ ಕಟ್ಟಲು 1970ರಲ್ಲಿ ಸಿಡ್ಕೊ ಹುಟ್ಟುವ ಮೊದಲೇ ಅಲ್ಲಿದ್ದ ಆಗ್ರಿ, ಕೋಲಿ ಹಳ್ಳಿಗಳಲ್ಲಿ ಇಂದಿಗೂ ಮದುವೆಯ ಹಿಂದಿನ ರಾತ್ರಿ ಹಳದಿ ಶಾಸ್ತ್ರಕ್ಕೆ ಬ್ಯಾಂಡಿನವರು ಬಂದರೆ, ಇಪ್ಪತ್ತನೇ ಮಹಡಿಯಲ್ಲಿ ಕೂತವರ ಕಾಲೂ ಅಲ್ಲಾಡುತ್ತದೆ. ದೋಣಿಯ ಮೇಲೆ ಬದುಕುವವರಿಗೆ ಆರರ ಲೆಕ್ಕ ಹತ್ತಿರವೋ ಏನೋ.

ಈಗ ಲಂಡನ್ನಿಗೆ ಹೋಗೋಣ. 1651ರಲ್ಲಿ ಜಾನ್ ಪ್ಲೇಫರ್ಡ್ ಎಂಬ ಪುಸ್ತಕ ವ್ಯಾಪಾರಿ ‘ದಿ ಇಂಗ್ಲಿಷ್ ಡಾನ್ಸಿಂಗ್ ಮಾಸ್ಟರ್’ ಎಂಬ ಪುಸ್ತಕ ಹೊರತಂದ. ನೂರಕ್ಕೂ ಹೆಚ್ಚು ಕುಣಿತಗಳ ಹೆಜ್ಜೆಗಳ ವಿವರ, ಪ್ರತಿಯೊಂದಕ್ಕೂ ಬಾರಿಸಬೇಕಾದ ಮಟ್ಟಿನ ಸ್ವರಲಿಪಿ. ಪುಸ್ತಕ ಎಷ್ಟು ಖರ್ಚಾಯಿತೆಂದರೆ ಮುಂದಿನ ಮುಕ್ಕಾಲು ಶತಮಾನ ಹೊಸ ಹೊಸ ಆವೃತ್ತಿಗಳು ಬರುತ್ತಲೇ ಇದ್ದವು. ಬೀದಿಯ ಪಿಟೀಲುಗಾರ ಕಿವಿಯಿಂದ ಕಿವಿಗೆ ದಾಟಿಸುತ್ತಿದ್ದ ಮಟ್ಟುಗಳು ಹೀಗೆ ಮೊದಲ ಬಾರಿಗೆ ಲೆಡ್ಜರಿಗೆ ಏರಿದವು.

ಲೆಡ್ಜರಿಗೆ ಏರಿದ ದಿನವೇ ಹುಟ್ಟಿದ ದಿನವಲ್ಲ, ಇದು ಬ್ಯಾಂಕಿನವರಿಗೆ ಚೆನ್ನಾಗಿ ಗೊತ್ತು. ಲಿಲಿಬರ್ಲೇರೊ ವಿಷಯದಲ್ಲೂ ಹಾಗೇ. 1661ರ ಒಂದು ಹಾಡುಗಳ ಸಂಗ್ರಹದಲ್ಲೇ ಇದರ ಪೂರ್ವಜ ಇದೆ ಅನ್ನುವವರಿದ್ದಾರೆ. 1686ರಲ್ಲಿ ರಾಬರ್ಟ್ ಕಾರ್ ಎಂಬಾತನ ಕೊಳಲು ಕೈಪಿಡಿಯಲ್ಲಿ ಮಟ್ಟು ಕಾಣಿಸಿಕೊಳ್ಳುತ್ತದೆ. 1689ರಲ್ಲಿ, ಇಂಗ್ಲೆಂಡಿನ ಆ ಕಾಲದ ಅತಿ ದೊಡ್ಡ ಸಂಗೀತಕಾರ ಹೆನ್ರಿ ಪರ್ಸೆಲ್ ಇದನ್ನೇ ಕೀಬೋರ್ಡಿಗೆ ಹೊಂದಿಸಿ ಕೊಟ್ಟ. ಅಲ್ಲಿ ಅದರ ಹೆಸರು ‘ಒಂದು ಹೊಸ ಐರಿಷ್ ಮಟ್ಟು’. ನೋಡಿ, ಇಂಗ್ಲಿಷರ ಪುಸ್ತಕ, ಇಂಗ್ಲಿಷ್ ಸಂಗೀತಕಾರ, ಹೆಸರು ಮಾತ್ರ ಐರಿಷ್. ಹಾಗಾಗಿ ಕೆಲವರು ಇದನ್ನು ಪರ್ಸೆಲ್ಲನ ಖಾತೆಗೆ ಹಾಕಿದರು, ಕೆಲವರು ಐರ್ಲೆಂಡಿನ ಖಾತೆಗೆ, ಕೆಲವರು ಯಾವುದೋ ಇಂಗ್ಲಿಷ್ ಹಳ್ಳಿಯ ಖಾತೆಗೆ. ಜಗಳ ಇನ್ನೂ ಇತ್ಯರ್ಥವಾಗಿಲ್ಲ.

‘ಐರಿಷ್’ ಅನ್ನುವ ಹಣೆಪಟ್ಟಿ ಬಂದದ್ದಕ್ಕೆ ಒಂದು ರಾಜಕೀಯ ಕತೆಯಿದೆ. ಆಗ ಇಂಗ್ಲೆಂಡಿನ ರಾಜ ಎರಡನೇ ಜೇಮ್ಸ್, ಕ್ಯಾಥೊಲಿಕ್. ಪ್ರಜೆಗಳಲ್ಲಿ ಬಹುಪಾಲು ಪ್ರಾಟೆಸ್ಟಂಟರು. 1687ರಲ್ಲಿ ಅವನು ಟಿರ್‌ಕಾನೆಲ್‌ನ ಅರ್ಲ್ ರಿಚರ್ಡ್ ಟಾಲ್ಬಟ್ ಎಂಬ ಕ್ಯಾಥೊಲಿಕನನ್ನು ಐರ್ಲೆಂಡಿನ ಆಡಳಿತಕ್ಕೆ ನೇಮಿಸಿದ. ಇದಕ್ಕೆ ಉತ್ತರವಾಗಿ ಥಾಮಸ್ ವಾರ್ಟನ್ ಎಂಬ ರಾಜಕಾರಣಿ ಒಂದು ಅಣಕು ಹಾಡು ಬರೆದ. ಇಬ್ಬರು ಐರಿಷರು ತಮ್ಮ ಮುರುಕು ಇಂಗ್ಲಿಷಿನಲ್ಲಿ ‘ಇನ್ನು ನಮ್ಮದೇ ರಾಜ್ಯ’ ಎಂದು ಬೀಗುವ ಹಾಡು. ನಡುನಡುವೆ ‘ಲಿಲಿಬರ್ಲೇರೊ’ ಎಂಬ ಪಲ್ಲವಿ. ಅದು ಐರಿಷ್ ಮಾತಿನ ಅಪಭ್ರಂಶವೋ, ಬರೀ ಅರ್ಥವಿಲ್ಲದ ಅಣಕವೋ, ಪಂಡಿತರಲ್ಲಿ ಒಮ್ಮತವಿಲ್ಲ. ಪರಭಾಷೆಯವನ ಉಚ್ಚಾರವನ್ನು ಆಡಿಕೊಂಡರೆ ಬೀದಿಯಲ್ಲಿ ಸುಲಭವಾಗಿ ನಗು ಸಿಗುತ್ತದೆ, ಅದಂತೂ ನಿಜ.

ನಗು ಸಿಕ್ಕಿತು. 1688ರ ನವೆಂಬರ್ 5ರಂದು ಡಚ್ಚರ ವಿಲಿಯಂ ಸೈನ್ಯ ಸಮೇತ ಟಾರ್‌ಬೇ ತೀರದಲ್ಲಿ ಇಳಿದಾಗ ಇಂಗ್ಲೆಂಡಿನ ಸಿಪಾಯಿಗಳ ಬಾಯಲ್ಲಿ, ಪೇಟೆ ಹಳ್ಳಿಗಳ ಬಾಯಲ್ಲಿ ಇದೇ ಹಾಡು. ವಿಲಿಯಂ ಜೊತೆ ಬಂದ ಪಾದ್ರಿ ಗಿಲ್ಬರ್ಟ್ ಬರ್ನೆಟ್, ಇಷ್ಟು ಸಣ್ಣ ವಸ್ತುವಿನಿಂದ ಇಷ್ಟು ದೊಡ್ಡ ಪರಿಣಾಮ ಆದದ್ದನ್ನು ಆಶ್ಚರ್ಯದಿಂದ ಬರೆದಿಟ್ಟಿದ್ದಾನೆ. ಡಿಸೆಂಬರಿನಲ್ಲಿ ಜೇಮ್ಸ್ ಫ್ರಾನ್ಸಿಗೆ ಓಡಿದ. ಒಂದು ಹಾಡಿನಿಂದ ರಾಜನನ್ನು ಮೂರು ರಾಜ್ಯಗಳಿಂದ ಓಡಿಸಿದೆ ಅಂತ ವಾರ್ಟನ್ ಜಂಬ ಕೊಚ್ಚಿಕೊಂಡನಂತೆ. ಸೈನ್ಯ, ಹಣ, ಪಿತೂರಿ ಎಲ್ಲಾ ಸೇರಿ ಆದದ್ದಕ್ಕೆ ಕವಿ ತಾನೊಬ್ಬನೇ ಬಿಲ್ ಕಳಿಸಿದ ಅನ್ನಿ.

ಕರಾವಳಿಯವರಿಗೆ ಇದರ ಮುಂದಿನ ಭಾಗ ಹೊಸದಲ್ಲ. ಯಕ್ಷಗಾನದ ಪ್ರಸಂಗ ಬರೆಯುವವರು ಪ್ರತಿ ಪದ್ಯಕ್ಕೆ ಹೊಸ ರಾಗ ಹುಡುಕಿಕೊಂಡು ಕೂರುವುದಿಲ್ಲ, ಗೊತ್ತಿರುವ ಮಟ್ಟಿಗೆ ಹೊಸ ಪದ್ಯ ಕೂರಿಸುತ್ತಾರೆ. ಭಾಗವತರು ಮಟ್ಟಿನ ಹೆಸರು ನೋಡಿದರೆ ಸಾಕು, ಹಾಡುತ್ತಾರೆ. ಲಂಡನ್ನಿನ ಬೀದಿಯಲ್ಲೂ ಅದೇ ಪದ್ಧತಿ. ಒಂದು ಕಾಸಿಗೆ ಮಾರುವ ಲಾವಣಿ ಹಾಳೆಗಳ ತಲೆಯಲ್ಲಿ ‘ಇಂಥ ಮಟ್ಟಿಗೆ ಹಾಡತಕ್ಕದ್ದು’ ಅಂತ ಇರುತ್ತಿತ್ತು. ಲಿಲಿಬರ್ಲೇರೊ ಅಂಥ ಚಾಲ್ತಿ ಮಟ್ಟಾಯಿತು. 1728ರಲ್ಲಿ ಜಾನ್ ಗೇ ತನ್ನ ‘ಬೆಗ್ಗರ್ಸ್ ಆಪೆರಾ’ ನಾಟಕದ ಒಂದು ಹಾಡಿಗೆ ಅದನ್ನು ಎತ್ತಿಕೊಂಡ. ಲಾರೆನ್ಸ್ ಸ್ಟರ್ನ್‌ನ ‘ಟ್ರಿಸ್ಟ್ರಾಮ್ ಶ್ಯಾಂಡಿ’ ಕಾದಂಬರಿಯಲ್ಲಿ ಅಂಕಲ್ ಟೋಬಿ ಎಂಬ ಮುದಿ ಸೈನಿಕ ವಾದ ಮಾಡಲು ಮನಸ್ಸಿಲ್ಲದಾಗ ಇದನ್ನೇ ಶಿಳ್ಳೆ ಹಾಕುತ್ತಾನೆ. ಬುಟ್ಟಿಯಲ್ಲಿ ಕೂತು ಆಕಾಶಕ್ಕೆ ಹಾರಿದ ಮುದುಕಿಯ ಶಿಶುಗೀತೆಯನ್ನು ತಾಯಂದಿರು ಇದೇ ಮಟ್ಟಿಗೆ ಹಾಡಿದರು. ಟಿರ್‌ಕಾನೆಲ್ ಯಾರು, ಯಾಕೆ ನಕ್ಕದ್ದು, ಯಾರಿಗೂ ನೆನಪಿರಲಿಲ್ಲ. ಮಾತು ಉದುರಿತು, ಮಟ್ಟು ಉಳಿಯಿತು.

ಎರಡನೇ ಮಹಾಯುದ್ಧದ ಕಾಲಕ್ಕೆ ಅದು ಬಿಬಿಸಿಯ ಕೈ ಸೇರಿತು, ಮುಂದೆ ವರ್ಲ್ಡ್ ಸರ್ವಿಸ್‌ನ ಗುರುತಿನ ಸಂಗೀತವೇ ಆಯಿತು. ಕುಂದಾಪುರದ ನಮ್ಮ ಮನೆಗೆ ಅದು ಬಂದದ್ದು ಆ ದಾರಿಯಲ್ಲಿ. ಅಪ್ಪಯ್ಯ ಶಾಲೆ ಮಾಸ್ಟ್ರು. ಮಕ್ಕಳ ಇಂಗ್ಲಿಷ್ ಸುಧಾರಿಸಲಿ ಅಂತ ಬಿಬಿಸಿ ಹಾಕುತ್ತಿದ್ದರು. 1971ರ ಯುದ್ಧದ ವಾರ್ತೆಯನ್ನು ನಾವು ಕೇಳಿದ್ದು ಆ ಕುಣಿತದ ಹಿಂದೆಯೇ. ನನ್ನ ಇಂಗ್ಲಿಷ್ ಎಷ್ಟು ಸುಧಾರಿಸಿತೋ ಗೊತ್ತಿಲ್ಲ, ಮಟ್ಟು ಮಾತ್ರ ಪೂರ್ತಿ ಬಾಯಿಪಾಠವಾಯಿತು.

ಡೊಂಬಿವಲಿಗೆ ಬರುವಾಗ ನನ್ನ ಟ್ರಂಕಿನಲ್ಲಿ ಒಂದು ಟ್ರಾನ್ಸಿಸ್ಟರ್ ಇತ್ತು. ಆ ವರ್ಷದ ಅಕ್ಟೋಬರ್ 31, ಬುಧವಾರ. ಬೆಳಿಗ್ಗೆ ದೆಹಲಿಯಲ್ಲಿ ಇಂದಿರಾ ಗಾಂಧಿಯವರಿಗೆ ಗುಂಡು ಹೊಡೆದ ಸುದ್ದಿ ಬ್ಯಾಂಕಿಗೂ ಬಂತು. ಸತ್ತರೋ ಬದುಕಿದ್ದಾರೋ ತಿಳಿಯದು. ಆಕಾಶವಾಣಿ ಸಾವನ್ನು ಪ್ರಕಟಿಸಿದ್ದು ಸಂಜೆಗೆ, ಬಿಬಿಸಿ ಅದಕ್ಕೆ ಎಷ್ಟೋ ಗಂಟೆ ಮುಂಚೆ ಹೇಳಿತ್ತು. ನಾನು ಮಧ್ಯಾಹ್ನವೇ ಸಿಕ್ಕಿದ ಲೋಕಲ್ ಹಿಡಿದು ಮನೆ ಸೇರಿದೆ. ನಮ್ಮ ವಠಾರದಲ್ಲಿ ಶಾರ್ಟ್ ವೇವ್ ಸರಿಯಾಗಿ ಹಿಡಿಯುತ್ತಿದ್ದದ್ದು ನನ್ನ ರೇಡಿಯೋ ಒಂದೇ. ಪಕ್ಕದ ಮನೆಯ ಕಾಕಾ, ಎದುರು ಮನೆಯ ಗುಜರಾತಿ ಬೆನ್, ಮೇಲಿನ ಮಹಡಿಯ ಮಲೆಯಾಳಿ ನರ್ಸಮ್ಮ, ಎಲ್ಲರೂ ನನ್ನ ಹತ್ತಡಿ ಕೋಣೆಗೆ ಬಂದು ನಿಂತರು. ಗರಗರ ಸದ್ದಿನ ನಡುವೆ ಮೊದಲು ಬಂದದ್ದು ಲಿಲಿಬರ್ಲೇರೊ. ಅಷ್ಟು ಉಲ್ಲಾಸದ ಕುಣಿತದ ಮಟ್ಟು, ಅದರ ಬೆನ್ನಿಗೆ ಆ ವಾರ್ತೆ. ಕಾಕಾ ಇಂಗ್ಲಿಷ್ ಸರಿಯಾಗಿ ತಿಳಿಯದೆ ‘ಅಣ್ಣಾ, ಕಾಯ್ ಮ್ಹಣಾಲಾ?’ ಅಂತ ಕೇಳಿದರು. ಏನು ಹೇಳಿದ ಅಂತ ನಾನು ನನ್ನ ಮುರುಕು ಮರಾಠಿಯಲ್ಲಿ ಹೇಳಿದೆ. ಆ ವಠಾರದಲ್ಲಿ ನಾನು ಆಡಿದ ಮೊದಲ ದೊಡ್ಡ ಮರಾಠಿ ವಾಕ್ಯ ಅದು.

‘ಅಣ್ಣಾ’ ಅನ್ನುವ ಆ ಕರೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಮುಂಬಯಿಯಲ್ಲಿ ತೆಂಕಣದವರೆಲ್ಲ ಅಣ್ಣಾ, ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತವರಂತೂ ಖಾಯಂ ಅಣ್ಣಾ. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲಿನ ಆ ಕೆಲವು ವರ್ಷಗಳಲ್ಲಿ ಈ ನಗರಕ್ಕೂ ಒಂದು ಅಣಕು ಪ್ರಾಸ ಇತ್ತು. ಪುಂಗಿ ಊದಿ ಲುಂಗಿಯವರನ್ನು ಓಡಿಸಿ ಅನ್ನುವ ಅರ್ಥದ್ದು. ನಾನು ಬರುವ ಹೊತ್ತಿಗೆ ಅದು ಹಳತಾಗಿತ್ತು, ಆದರೆ ಮಾಟುಂಗಾ, ಡೊಂಬಿವಲಿ ಕಡೆಯ ನಮ್ಮ ಹಿರಿಯರು ಅದನ್ನು ಹೇಳುವಾಗ ಈಗಲೂ ಧ್ವನಿ ತಗ್ಗಿಸುತ್ತಿದ್ದರು. ಕೆಲಸ ಸಿಗದ ಮರಾಠಿ ಹುಡುಗರ ಸಂಕಟವೂ ಸುಳ್ಳಲ್ಲ. ಆಫೀಸುಗಳ ಟೈಪ್‌ರೈಟರುಗಳ ಮುಂದೆ ತೆಂಕಣದವರೇ ಹೆಚ್ಚು ಕಾಣುತ್ತಿದ್ದ ಕಾಲ ಅದು. ಸಂಕಟಕ್ಕೆ ಪ್ರಾಸ ಸಿಕ್ಕಿದರೆ ಕಲ್ಲು ಸಿಕ್ಕಿದ ಹಾಗೆ. ಅಂದು ಅಣ್ಣಾ ಅನ್ನುವುದರಲ್ಲಿ ಹಂಗಿಸುವ ಧಾಟಿ ಇತ್ತಂತೆ. 1984ರಲ್ಲಿ ಕಾಕಾ ಕರೆದಾಗ ಅದರಲ್ಲಿ ಆತ್ಮೀಯತೆ ಮಾತ್ರ ಇತ್ತು. ಪದ ಅದೇ, ಅರ್ಥ ಮಾತ್ರ ಹದಿನೈದು ವರ್ಷದಲ್ಲಿ ಮಗ್ಗುಲು ಬದಲಿಸಿತ್ತು.

ಹಾಗಾದರೆ ಕಾಲ ಕಳೆದರೆ ಎಲ್ಲಾ ಕಹಿಯೂ ಮರೆತು ಮಟ್ಟು ಮಾತ್ರ ಉಳಿಯುತ್ತದೆ ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಒಂದೇ ಬದಿ ನೋಡಿ ಬ್ಯಾಲೆನ್ಸ್ ಷೀಟಿಗೆ ಸಹಿ ಹಾಕುವ ಅಭ್ಯಾಸ ನನಗಿಲ್ಲ. ಉತ್ತರ ಐರ್ಲೆಂಡಿನಲ್ಲಿ ಇದೇ ಮಟ್ಟಿಗೆ ‘ಪ್ರಾಟೆಸ್ಟಂಟ್ ಬಾಯ್ಸ್’ ಎಂಬ ಹಾಡು ಕೂತಿದೆ, ಆರೆಂಜ್ ಸಂಘಗಳ ಮೆರವಣಿಗೆಯಲ್ಲಿ ಕೊಳಲು ಬ್ಯಾಂಡುಗಳು ಅದನ್ನು ಇಂದಿಗೂ ಬಾರಿಸುತ್ತವೆ. ಲಂಡನ್ನಿನ ಮಗುವಿಗೆ ಅದು ಜೋಗುಳ, ಬೆಲ್‌ಫಾಸ್ಟಿನ ಕ್ಯಾಥೊಲಿಕ್ ಬೀದಿಗೆ ಹಳೆಯ ಸೋಲಿನ ನೆನಪು. ಮಟ್ಟಿನ ತಲೆಯ ಮೇಲೆ ‘ಐರಿಷ್’ ಅಂತ ಬರೆದವರು ಅದನ್ನು ಐರಿಷರಿಂದಲೇ ದೂರ ಮಾಡಿದರು. ಮಾತು ಉದುರಿತು ಅಂದೆನಲ್ಲ, ಪೆಟ್ಟು ಕೊಟ್ಟವರಿಗೆ ಬೇಗ ಉದುರುತ್ತದೆ, ಪೆಟ್ಟು ತಿಂದವರಿಗೆ ಅಷ್ಟು ಬೇಗ ಉದುರುವುದಿಲ್ಲ.

ವಲಸೆ ಬಂದ ಮಟ್ಟಿಗೆ ಇನ್ನೊಂದು ಗತಿಯೂ ಇದೆ, ಅದು ನಮ್ಮ ದಕ್ಷಿಣದ್ದು. ಮುತ್ತುಸ್ವಾಮಿ ದೀಕ್ಷಿತರ (1775–1835) ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನ ಬಳಿಯ ಮಣಲಿಯಲ್ಲಿದ್ದಾಗ ಒಬ್ಬ ಯುರೋಪಿಯನ್ನನಿಂದ ಪಿಟೀಲು ಕಲಿತರು. ಕೋಟೆಯ ಬ್ಯಾಂಡಿನವರ ಇಂಗ್ಲಿಷ್, ಐರಿಷ್, ಸ್ಕಾಟಿಷ್ ಮಟ್ಟುಗಳು ಅಣ್ಣನ ಕಿವಿಗೂ ಬಿದ್ದವು. ದೀಕ್ಷಿತರು ಅವಕ್ಕೆ ಸಂಸ್ಕೃತದಲ್ಲಿ ದೇವರ ಹಾಡು ಬರೆದರು. ಅವೇ ನೊಟ್ಟುಸ್ವರಗಳು, ಸುಮಾರು ನಲವತ್ತು ಇವೆ. ‘ನೋಟ್’ ಅನ್ನುವುದೇ ನೊಟ್ಟು, ಪಿಟೀಲಿನ ಹಾಗೆಯೇ. ಬ್ರಿಟಿಷ್ ರಾಷ್ಟ್ರಗೀತೆಯ ಮಟ್ಟು ‘ಸಂತತಂ ಪಾಹಿಮಾಂ’ ಆಯಿತು. ಐರ್ಲೆಂಡಿನ ಮ್ಯಾಲೋ ಪಟ್ಟಣದ ಪೋಲಿ ಹುಡುಗರ ಮೇಲಿನ ‘ರೇಕ್ಸ್ ಆಫ್ ಮ್ಯಾಲೋ’ ಎಂಬ ಕುಣಿತದ ಮಟ್ಟು ‘ವಂದೇ ಮೀನಾಕ್ಷಿ’ ಆಯಿತು. ಕುಡಿದು ತಿರುಗುವವರ ಮಟ್ಟಿಗೆ ಮಧುರೆಯ ಅಮ್ಮನ ಸ್ತುತಿ! ಮಟ್ಟನ್ನು ದೀಕ್ಷಿತರು ಆಡಿಕೊಳ್ಳಲಿಲ್ಲ, ತಮ್ಮ ಮಾತು ತುಂಬಿ ಇಟ್ಟುಕೊಂಡರು.

ಮುಂಬಯಿಯಲ್ಲೂ ಇಂಥದ್ದೊಂದು ನಡೆದಿದೆ. ಆಕಾಶವಾಣಿಯ ಬೆಳಗಿನ ಗುರುತಿನ ಸಂಗೀತ, ಪಿಟೀಲಿನಲ್ಲಿ ಶಿವರಂಜನಿಯ ನೆರಳು ಇರುವ ಆ ಮಟ್ಟು, ವಾಲ್ಟರ್ ಕೌಫ್‌ಮನ್ ಮಾಡಿದ್ದು. ಇವರು ಇಂದಿನ ಚೆಕ್ ದೇಶದ ಕಾರ್ಲ್ಸ್‌ಬಾಡ್‌ನ ಯಹೂದಿ, ಹಿಟ್ಲರನ ಕಾಲದಲ್ಲಿ ಯುರೋಪ್ ಬಿಟ್ಟು 1934ರಲ್ಲಿ ಮುಂಬಯಿಗೆ ಬಂದವರು, 1946ರವರೆಗೆ ಇಲ್ಲಿದ್ದರು. ‘ಆಕಾಶವಾಣಿ’ ಅನ್ನುವ ಹೆಸರು ಮೈಸೂರಿನದು. 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ತೆರೆದ ಬಾನುಲಿ ಕೇಂದ್ರದಿಂದ ಅದು ದೇಶಕ್ಕೆಲ್ಲ ಹೋಯಿತು. ಮಟ್ಟು ಒಬ್ಬ ನಿರಾಶ್ರಿತನದು, ಹೆಸರು ನಮ್ಮ ಊರಿನದು, ಕೇಳಿದ್ದು ಇಡೀ ಭಾರತ.

ಇದೆಲ್ಲ ಹಳೆಯ ಕತೆಯಾಯಿತು. ನನ್ನನ್ನು ಕಾಡುವುದು ಮನೆಯೊಳಗಿನ ಲೆಕ್ಕ. ಮಗಳು ನವಿ ಮುಂಬಯಿಯ ಖಾರ್‌ಘರ್‌ನಲ್ಲಿದ್ದಾಳೆ. ಮೊಮ್ಮಗಳ ಹಿಂದಿ, ಮರಾಠಿ, ಇಂಗ್ಲಿಷ್ ಮೂರೂ ಸರಾಗ. ಕನ್ನಡ ತಿಳಿಯುತ್ತದೆ, ಆಡುವುದಿಲ್ಲ. ಅವಳ ಅಜ್ಜಿ ಹಾಡಿದ ಜೋಗುಳದ ಧಾಟಿಯನ್ನು ಅವಳು ಬೊಂಬೆಗೆ ಗುನುಗುವುದು ಕೇಳಿದ್ದೇನೆ, ಪದಗಳಿಲ್ಲದೆ, ‘ಲಾ ಲಾ’ ಅಂತ. ಮಟ್ಟಿಗೆ ಮಾತು ಉದುರಿದರೂ ಬದುಕುಂಟು, ಲಿಲಿಬರ್ಲೇರೊ ಬದುಕಿದೆ. ಭಾಷೆಗೆ ಮಾತು ಉದುರಿದರೆ ಉಳಿಯುವುದೇನು? ಡೊಂಬಿವಲಿ ಕರ್ನಾಟಕ ಸಂಘದಂಥ ಸಂಘಗಳ ಹಿರಿಯರು ಶಾಲೆ ಕಟ್ಟಿದ್ದು, ಊರಿಂದ ಮೇಳ ಕರೆಸಿದ್ದು ಈ ಹೆದರಿಕೆಯಿಂದಲೇ.

ಆದರೆ ಮಾತು ಬೇರೆ ದಾರಿಯಲ್ಲೂ ನಡೆಯುತ್ತದೆ. ಕಲ್ಯಾಣ, ಡೊಂಬಿವಲಿಯಿಂದ ಬೆಳಿಗ್ಗೆ ಹೊರಡುವ ಲೋಕಲ್ ಗಾಡಿಗಳಲ್ಲಿ ಭಜನಾ ಮಂಡಳಿಗಳಿವೆ. ತಾಳ ಹಿಡಿದು, ನಿಂತವರು ನಿಂತಲ್ಲೇ, ಅಭಂಗ ಹಾಡುತ್ತಾ ಹೋಗುತ್ತಾರೆ. ನಾನೂ ಅಂಥ ಒಂದು ಡಬ್ಬಿಯಲ್ಲಿ ವರ್ಷಗಟ್ಟಲೆ ಪ್ರಯಾಣ ಮಾಡಿದವನು. ಒಂದು ಶುಕ್ರವಾರ ಅವರೇ ಕೇಳಿದರು, ‘ಅಣ್ಣಾ, ಪಂಡಿತ್‌ಜೀಂಚಂ ತೇ ಕಾನಡೀ ಗಾಣಂ’ ಅಂತ. ಗದಗದಿಂದ ಹೋಗಿ ಪುಣೆಯವರಾದ ಭೀಮಸೇನ ಜೋಶಿಯವರ ಬಾಯಿಂದ ಅವರು ಕೇಳಿದ್ದ ‘ಭಾಗ್ಯದ ಲಕ್ಷ್ಮೀ ಬಾರಮ್ಮ’. ನಾನು ಶುರು ಮಾಡಿದೆ. ಅವರು ಎತ್ತಿಕೊಂಡದ್ದು ತಮ್ಮ ಅಭಂಗದ ಧಾಟಿಯಲ್ಲಿ, ಉಚ್ಚಾರ ಅವರದೇ. ಠಾಣೆ ಬರುವ ಹೊತ್ತಿಗೆ ಆ ಡಬ್ಬಿಯಲ್ಲಿ ಕನ್ನಡ ಬಾರದ ನಲವತ್ತು ಜನ ಪುರಂದರದಾಸರ ಕನ್ನಡ ಹಾಡುತ್ತಿದ್ದರು. ಲಂಡನ್ನಿನವರು ಐರಿಷರ ಮಾತನ್ನು ಆಡಿಕೊಳ್ಳಲು ಹಾಡಿದ್ದರು. ಇವರು ನಮ್ಮ ಮಾತನ್ನು ಬೇಕಾಗಿ ಹಾಡಿದರು. ಪಂಢರಪುರದ ವಿಠಲನನ್ನು ಜ್ಞಾನೇಶ್ವರರೇ ಕನ್ನಡದವನೆಂದು ಕರೆದ ಮೇಲೆ ಇವರಿಗೇನು ಸಂಕೋಚ!

ಬಿಬಿಸಿಯ ಶಾರ್ಟ್ ವೇವ್ ಈಗ ಹೆಚ್ಚೂಕಡಿಮೆ ಮುಗಿದ ಅಧ್ಯಾಯ. ಹಿಂದಿ ಪ್ರಸಾರದ ಶಾರ್ಟ್ ವೇವ್ 2020ರ ಜನವರಿ 31ಕ್ಕೆ ನಿಂತಿತು. ಗಂಟೆಗೊಮ್ಮೆ ಲಿಲಿಬರ್ಲೇರೊ ಕೇಳುವ ಕಾಲವೂ ಹೋಯಿತು. ಅದಕ್ಕೆ ಊರು ಯಾವುದು ಅಂತ ಕೇಳಿದರೆ ನನ್ನ ಉತ್ತರ ಬ್ಯಾಂಕಿನದು. ಹುಂಡಿ, ಚೆಕ್ಕುಗಳ ಬೆನ್ನಿಗೆ ಒಬ್ಬರಾದ ಮೇಲೆ ಒಬ್ಬರು ಸಹಿ ಹಾಕಿ ದಾಟಿಸುತ್ತಾರೆ, ಅದಕ್ಕೆ ಬೆನ್ನುಬರಹ ಅನ್ನುತ್ತೇವೆ. ಯಾರು ಮೊದಲು ಬರೆದರು ಅನ್ನುವಷ್ಟೇ ಮುಖ್ಯ, ಯಾರ್‍ಯಾರ ಕೈ ದಾಟಿತು ಅನ್ನುವುದು. ಈ ಮಟ್ಟಿನ ಬೆನ್ನ ಮೇಲೆ ವಾರ್ಟನ್ನನ ಕುಹಕದ ಸಹಿಯಿದೆ, ತಾಯಂದಿರ ಸಹಿಯಿದೆ, ಬೆಲ್‌ಫಾಸ್ಟಿನ ಮೆರವಣಿಗೆಯ ಸಹಿಯಿದೆ, ಡೊಂಬಿವಲಿಯ ಹತ್ತಡಿ ಕೋಣೆಯದೂ ಒಂದಿದೆ. ನಮ್ಮ ಕನ್ನಡದ ಬೆನ್ನ ಮೇಲೂ ಮೊಮ್ಮಕ್ಕಳು ತಮ್ಮದೇ ಓರೆಕೋರೆ ಅಕ್ಷರದಲ್ಲಿ ಏನಾದರೂ ಬರೆಯಲಿ, ಖಾಲಿ ಮಾತ್ರ ಬಿಡದಿರಲಿ. ಜಾಗ ಸಾಲದಿದ್ದರೆ ಇನ್ನೊಂದು ಚೀಟಿ ಅಂಟಿಸಿ ಅದರ ಮೇಲೆ ಸಹಿ ಮಾಡಬಹುದು. 1881ರ ಕಾಯಿದೆಯಲ್ಲೇ ಅದಕ್ಕೆ ಅವಕಾಶವಿದೆ.